ಮಾತ್ರೆ, ಉಪವಾಸ ಮತ್ತು ವೈದ್ಯರ ಕೈಪಿಡಿ

ರಮಝಾನ್ ಸಮೀಪಿಸಿದಾಗ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕಂಡು ಮಾತ್ರೆಯ ಸಮಯವನ್ನು ಬದಲಿಸಿಕೊಂಡು ಬರುತ್ತಾರೆ. ಅದರಲ್ಲಿ ನಮಗೆ ಯಾವ ಸಂಕೋಚವೂ ಇಲ್ಲ. ಆದರೆ ಮನೋರೋಗಕ್ಕೆ ಔಷಧಿ ಸೇವಿಸುವವರು ಯಾರನ್ನೂ ಕೇಳದೆ ಮಾತ್ರೆಯನ್ನೇ ನಿಲ್ಲಿಸುತ್ತಾರೆ, ಇಲ್ಲವೇ ಮೌನವಾಗಿ ಉಪವಾಸವಿರುತ್ತಾರೆ. ಗಂಗೊಳ್ಳಿಯಾಗಲಿ, ಶಿರೂರಾಗಲಿ, ಬ್ರಹ್ಮಾವರವಾಗಲಿ, ಕಾಯಿಲೆ ಬಹಿರಂಗವಾದೀತೆಂಬ ಭಯ ಎಲ್ಲೆಡೆಯೂ ಒಂದೇ.

ಈ ಮೌನದ ಬೆಲೆ ಸಣ್ಣದಲ್ಲ. ಮನಸ್ಸಿನ ತೀವ್ರ ಏರಿಳಿತಕ್ಕೆ ನೀಡುವ ಲಿಥಿಯಂನ್ನೇ ನೋಡೋಣ. ಅದರ ಗುಣಕಾರಿ ಪ್ರಮಾಣಕ್ಕೂ ವಿಷಕಾರಿ ಪ್ರಮಾಣಕ್ಕೂ ಅಂತರ ಅತ್ಯಲ್ಪ. ಆದುದರಿಂದಲೇ ಆಗಾಗ ರಕ್ತಪರೀಕ್ಷೆ ಬೇಕು. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ನೋವಿಗೆ ನುಂಗುವ ಐಬುಪ್ರೊಫೇನ್ ಕೂಡ ಅದನ್ನು ಏರಿಸಬಲ್ಲದು. ಹೆಚ್ಚುವ ಕೈನಡುಕ, ವಾಂತಿ, ತೊದಲುವ ಮಾತು ಅಪಾಯದ ಸೂಚನೆಗಳು. ಇದೇ ಕಾಯಿಲೆಗೂ ಅಪಸ್ಮಾರಕ್ಕೂ ನೀಡುವ ವಾಲ್ಪ್ರೋಯೇಟ್, ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಕಾಯಿಲೆಯನ್ನು ಬಚ್ಚಿಟ್ಟು ಮದುವೆ ಮಾಡಿಕೊಟ್ಟ ಮಗಳಿಗೆ ಈ ಎಚ್ಚರಿಕೆಯನ್ನು ಹೇಳುವವರು ಯಾರು?

ಹೇಳಬೇಕಾದುದೆಲ್ಲವೂ ವೈದ್ಯರ ಕೈಪಿಡಿಗಳಲ್ಲಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಚಿಕಿತ್ಸೆಯ ತರಬೇತಿ ನೀಡಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮನೋವೈದ್ಯರಲ್ಲದ ವೈದ್ಯರಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಾರ್ಗದರ್ಶಿಯೊಂದನ್ನು ಹೊರತಂದು, 2016ರಲ್ಲಿ ಪರಿಷ್ಕರಿಸಿತು. ಆದರೆ ರೋಗಿ ಬಾಯಿ ತೆರೆಯದಿದ್ದರೆ ಕೈಪಿಡಿ ಏನು ಮಾಡೀತು? ಉಪವಾಸವಿರುವುದನ್ನೂ ಗರ್ಭಿಣಿಯಾಗಿರುವುದನ್ನೂ ಬೇರೆ ಮಾತ್ರೆ ನುಂಗುತ್ತಿರುವುದನ್ನೂ ವೈದ್ಯರಿಗೆ ತಿಳಿಸಬೇಕಾದವರು ನಾವೇ.

ರೋಗಿಗೆ ಉಪವಾಸದಿಂದ ರಿಯಾಯಿತಿಯನ್ನು ಪವಿತ್ರ ಕುರ್‌ಆನ್ (2:185) ಸ್ಪಷ್ಟವಾಗಿ ನೀಡಿದೆ. ಅಲ್ಲಿ ಶರೀರದ ರೋಗ, ಮನಸ್ಸಿನ ರೋಗ ಎಂಬ ಭೇದವಿಲ್ಲ. ಹತ್ತನೆಯ ಶತಮಾನದಲ್ಲೇ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳೆರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ವಿವರಿಸಿದರು. ಆ ಪರಂಪರೆಯ ವಾರಸುದಾರರಾದ ನಾವು ಇಂದು ಮಂತ್ರಿಸಿದ ನೂಲನ್ನೇ ನಂಬಿ ಮಾತ್ರೆಯನ್ನು ಎಸೆಯುತ್ತಿದ್ದೇವೆ. ದುಆ ಮಾಡೋಣ, ಔಷಧಿಯನ್ನೂ ಬಿಡದಿರೋಣ.

ಸರಕಾರಕ್ಕೂ ಹೊಣೆಯಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲೂ ಅಗತ್ಯ ಔಷಧಿಗಳು ಉಚಿತವಾಗಿ, ಸದಾಕಾಲ ಸಿಗಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಅವು ಸಿಗುತ್ತಿವೆಯೇ ಎಂದು ನಮ್ಮ ಜಮಾಅತ್‌ಗಳು ವಿಚಾರಿಸಲಿ. ರಮಝಾನ್‌ಗೆ ಮುಂಚಿನ ಒಂದು ಜುಮಾ ಖುತ್ಬಾ ಈ ವಿಷಯಕ್ಕೆ ಮೀಸಲಾಗಲಿ. ಸಂಕೋಚವುಳ್ಳವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ರೋಗಿಯಿಂದ ಕಸಿದುಕೊಳ್ಳಲು ನಾವು ಯಾರು?