ನೆರಳೂ ನಮಾಜಿನ ವೇಳೆಯೂ

ನಮ್ಮ ಕುಂದಾಣದ ಹೋಬಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿ ಜೀವಿಸತಕ್ಕ ಕುಟುಂಬಗಳು ಅನೇಕವಾಗಿವೆ. ಅವುಗಳಲ್ಲೊಂದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರದು. ಇವರು ಮುಸಲ್ಮಾನ ಗೃಹಸ್ಥರು; ಊರಿಗೆ ದೂರವಾಗಿ, ತೋಟದ ಮನೆಯಲ್ಲಿ, ವೃದ್ಧೆಯಾದ ತಾಯಿಯೊಡನೆ ವಾಸವಾಗಿದ್ದಾರೆ. 2025ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ರಂಜಾನ್ ಉಪವಾಸಗಳು ಮೊದಲಾಗಿ ನಾಲ್ಕು ದಿವಸ ಕಳೆದಿರಲು, ಅವರು ಬಾಡಿದ ಮುಖದಿಂದ ನಮ್ಮ ಜಗಲಿಗೆ ಬಂದು, ಮೊಬೈಲನ್ನು ಮುಂದಿಟ್ಟು, "ಮೇಷ್ಟ್ರೇ, ವಿಜಯಪುರದ ನಮ್ಮ ನೆಂಟರು ನಮಗಿಂತ ಹತ್ತು ನಿಮಿಷ ಮುಂಚೆಯೇ ಸಹರಿ ಊಟ ನಿಲ್ಲಿಸುತ್ತಾರಂತೆ. ಇದು ತೋರಿಸುವ ಹೊತ್ತು ಸರಿಯೋ ತಪ್ಪೋ ನೀವು ನೋಡಿ ಹೇಳಬೇಕು" ಎಂದರು. ವಿಜಯಪುರವೆಂದರೆ ನಮ್ಮ ದೇವನಹಳ್ಳಿ ತಾಲ್ಲೂಕಿನದೇ. ಅಲ್ಲಿಗೂ ಇಲ್ಲಿಗೂ ಸೂರ್ಯನು ಹತ್ತು ನಿಮಿಷ ವ್ಯತ್ಯಾಸ ಮಾಡತಕ್ಕವನಲ್ಲ.

ಉಪವಾಸ ಹಿಡಿಯುವವರು ಬೆಳಗಿನ ಜಾವದಲ್ಲಿ ಉಣ್ಣುವುದೇ ಸಹರಿ. ಪೂರ್ವದಿಕ್ಕಿನ ಅಂಚಿನಲ್ಲಿ ನಿಜವಾದ ಬೆಳಕು ಅಡ್ಡಲಾಗಿ ಹರಡಿದ ಕ್ಷಣದಿಂದ ಅನ್ನನೀರು ಕೂಡದು. ಈ ಬೆಳಕಿಗೆ ಅವರು ಸುಬಹ್ ಸಾದಿಕ್ ಎನ್ನುತ್ತಾರೆ. ಅದಕ್ಕೆ ಮುಂಚೆ ಕಂಬದಂತೆ ನೆಟ್ಟಗೆ ಏರುವ ಮಸುಕಾದ ಬೆಳಕು ಸುಳ್ಳು ಉಷಸ್ಸು. ಇದನ್ನು ಕಣ್ಣಿನಿಂದಲೇ ನೋಡಿ ತಿಳಿಯುವುದು ಪೂರ್ವಿಕರ ಪದ್ಧತಿ. ಆದರೆ 2008ರಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ನಮ್ಮ ಕಡೆಯ ಆಕಾಶಕ್ಕೆ ಇರುಳೆಲ್ಲ ದೀಪದ ಸೋಂಕು. ಮಸೀದಿಯ ಕೂಗನ್ನು ಕೇಳೋಣವೆಂದರೆ, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ತೋಟದ ಮನೆಗೆ ಬರಿಯ ಕಂಠದ ಕೂಗು ಮುಟ್ಟುವುದೂ ಇಲ್ಲ. ಆದಕಾರಣ ಮೊಬೈಲಿನ ಆಪೇ ಅವರಿಗೆ ಗತಿ.

ಆಪನ್ನು ತೆರೆದು ನೋಡಿದೆವು. ಮೇಲೆ ಸಣ್ಣಕ್ಷರಗಳಲ್ಲಿ ಊರಿನ ಹೆಸರು ಮಂಗಳೂರು ಎಂದಿತ್ತು! ಮಗನು ಅಲ್ಲಿ ಓದುತ್ತಿದ್ದಾಗ ಬಳಸಿದ ಮೊಬೈಲು ತಂದೆಗೆ ಬಂದಿದೆ. ಆತನು ಕೈಯಿಂದ ಬರೆದಿಟ್ಟ ಊರು ಹಾಗೆಯೇ ನಿಂತಿದೆ. ತಲೆಬರಹವನ್ನು ಓದದೆ ಲೆಕ್ಕಕ್ಕೆ ಕೈಹಾಕುವ ಹುಡುಗರನ್ನು ನಾವು ಬಹಳ ಮಂದಿ ಕಂಡಿದ್ದೇವೆ. ಈ ಗೃಹಸ್ಥರು ಆ ಕಾಲದಲ್ಲಿಯೂ ಅವರಲ್ಲೊಬ್ಬರಾಗಿದ್ದರು.

ಭೂಮಿಯು ಒಂದು ಅಂಶ ತಿರುಗುವುದಕ್ಕೆ 4 ನಿಮಿಷಗಳು ಬೇಕು. ಮಂಗಳೂರು ನಮಗಿಂತ ಸುಮಾರು 2.8 ಅಂಶ ಪಶ್ಚಿಮಕ್ಕಿದೆ. ಆದುದರಿಂದ ಅಲ್ಲಿ ಬೆಳಗಾಗುವುದು ನಮಗಿಂತ 11 ನಿಮಿಷ ತಡ. ಇಲ್ಲಿ 5 ಗಂಟೆ 20 ನಿಮಿಷಕ್ಕೆ ಉಷಸ್ಸಾಗಿದ್ದರೆ ಆ ಆಪು 5 ಗಂಟೆ 31 ನಿಮಿಷವೆನ್ನುವುದು. ಸಂಜೆ ಪಾರಣೆಯ ವಿಷಯದಲ್ಲಿ ಈ ತಪ್ಪಿನಿಂದ ಹಾನಿಯಿಲ್ಲ, ಹಸಿದವರು 11 ನಿಮಿಷ ಹೆಚ್ಚಾಗಿ ಕಾಯುವರು, ಅಷ್ಟೆ. ಬೆಳಿಗ್ಗೆ ಮಾತ್ರ ಉಪವಾಸವೇ ಕೆಡುವುದು. ಮದರಾಸಿನ ಹೊತ್ತನ್ನು ಇಟ್ಟುಕೊಂಡಿದ್ದರೆ ಇದು ತಲೆಕೆಳಗಾಗಿ, ಸಹರಿಗೆ ಬಾಧೆಯಿಲ್ಲದೆ, ಸೂರ್ಯನು ಮುಳುಗುವ ಮುನ್ನವೇ ಖರ್ಜೂರ ಬಾಯಿಗೆ ಬೀಳುತ್ತಿತ್ತು. ನಮ್ಮವರಾದರೂ ಇದನ್ನು ಕೇಳಿ ನಗಬೇಕಾಗಿಲ್ಲ. ಕಾಶಿಯ ಪಂಚಾಂಗವನ್ನು ದೇಶಾಂತರ ಸಂಸ್ಕಾರವಿಲ್ಲದೆ ಇಲ್ಲಿ ಹಿಡಿದು ತಿಥಿ ನೋಡುವ ಮನೆಗಳನ್ನು ನಾವು ಬಲ್ಲೆವು.

ಊರನ್ನು ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸೂರ್ಯನು ದಿಗಂತಕ್ಕೆ ಎಷ್ಟು ಅಂಶ ಕೆಳಗಿದ್ದಾಗ ಉಷಸ್ಸೆನ್ನಬೇಕೆಂಬುದನ್ನೂ ಈ ಆಪು ಕೇಳುತ್ತದೆ. ಕರಾಚಿಯ ಪದ್ಧತಿಗೆ 18 ಅಂಶ, ಈಜಿಪ್ಟಿನದಕ್ಕೆ 19.5, ಉತ್ತರ ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದಕ್ಕೆ 15. ನಮ್ಮ ಅಕ್ಷಾಂಶದಲ್ಲಿ, ಮಾರ್ಚಿ ತಿಂಗಳಲ್ಲಿ, 18 ಅಂಶವೆಂದರೆ ಸೂರ್ಯೋದಯಕ್ಕೆ 71 ನಿಮಿಷ ಮುಂಚೆ, ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ ಮೂರು ಘಳಿಗೆ. 15 ಅಂಶವೆಂದರೆ 58 ನಿಮಿಷ. ಬಳಿಕ ಮಧ್ಯಾಹ್ನೋತ್ತರದ ಅಸರ್ ನಮಾಜು. ಕೋಲಿನ ನೆರಳು, ನಡುಹಗಲಿನ ನೆರಳನ್ನು ಕಳೆದು, ಕೋಲಿನಷ್ಟೇ ಉದ್ದವಾದಾಗ ಶಾಫಿ ಮತದವರಿಗೆ ಅಸರ್ ಮೊದಲಾಗುವುದು. ಅದರ ಎರಡರಷ್ಟಾದಾಗ ಹನಫಿಗಳಿಗೆ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಗಳು. ನಮ್ಮ ಸೀಮೆಯವರು ಹೆಚ್ಚಾಗಿ ಹನಫಿಗಳು. ಎರಡಕ್ಕೂ ಅಂತರ ಸುಮಾರು ಒಂದು ಗಂಟೆ. ಮಂಗಳೂರಿನ ಗೆಳೆಯರೊಡನಿದ್ದ ಮಗನು ಇದನ್ನೂ ಶಾಫಿಯೆಂದೇ ಇಟ್ಟಿದ್ದನು! ಮಸೀದಿಯ ವೇಳಾಪಟ್ಟಿಯನ್ನು ತರಿಸಿ, ಅದಕ್ಕೆ ಹೊಂದುವಂತೆ ಎಲ್ಲವನ್ನೂ ತಿದ್ದಿಕೊಟ್ಟೆವು.

ಇಷ್ಟಾದರೂ ಅವರ ತಾಯಿಯವರಿಗೆ ಆ ಯಂತ್ರದಲ್ಲಿ ನಂಬಿಕೆ ಉಳಿಯಲಿಲ್ಲ. "ನಿನ್ನೆ ಒಂದು ಹೇಳಿತು, ಇವತ್ತು ಇನ್ನೊಂದು ಹೇಳುತ್ತದೆ, ನಾಳೆ ಏನೋ?" ಎಂದರು. ನ್ಯಾಯವಾದ ಮಾತು. ಆಗ ನಾವು ಅವರ ಅಂಗಳವನ್ನು ಮಟ್ಟಮಾಡಿಸಿ, ಒಂದು ಶಂಕುವನ್ನು ನೆಡಿಸಿ, ಅದರ ಸುತ್ತ ವೃತ್ತವೊಂದನ್ನು ಎಳೆದೆವು. ನೆರಳಿನ ತುದಿಯು ಮುಂಚೆ ವೃತ್ತದೊಳಕ್ಕೆ ಬಂದ ಎಡೆಗೂ ಮಧ್ಯಾಹ್ನದ ಮೇಲೆ ಹೊರಟ ಎಡೆಗೂ ಗುರುತು ಹಾಕಿ, ಅವೆರಡರ ನಡುವಿನಿಂದ ಶಂಕುವಿಗೆ ಗೆರೆ ಎಳೆದರೆ ಅದೇ ದಕ್ಷಿಣೋತ್ತರ ರೇಖೆ. ಮರುದಿನ ನೆರಳು ಆ ಗೆರೆಯ ಮೇಲೆ ನೆಟ್ಟಗೆ ಬಿದ್ದಾಗ ಗಡಿಯಾರದಲ್ಲಿ 12 ಗಂಟೆ 30 ನಿಮಿಷವಾಗಿತ್ತು. ಹನ್ನೆರಡಕ್ಕೇ ಏಕಾಗಲಿಲ್ಲವೆಂದು ಮೊಮ್ಮಗಳು ಕೇಳಿದಳು. 1906ರಿಂದ ನಡೆದುಬಂದ ನಮ್ಮ ದೇಶದ ಗಡಿಯಾರವು 82.5 ಅಂಶದ ರೇಖೆಗೆ ಸೇರಿದುದು. ನಾವು ಅದಕ್ಕೆ ಪಶ್ಚಿಮದಲ್ಲಿರುವುದರಿಂದ 19 ನಿಮಿಷಗಳೂ, ಆ ತಿಂಗಳಲ್ಲಿ ಸೂರ್ಯನೇ ಗಡಿಯಾರಕ್ಕೆ ಹಿಂದೆ ಬೀಳುವುದರಿಂದ 11 ನಿಮಿಷಗಳೂ ಕೂಡಿದವೆಂದು ಹೇಳಿದೆವು. ತಿದ್ದಿದ ಆಪೂ ನಡುಹಗಲು 12 ಗಂಟೆ 30 ಎಂದೇ ತೋರಿಸಿತು. ಮುದುಕಮ್ಮನವರು ನೆರಳನ್ನೂ ಮೊಬೈಲನ್ನೂ ಒಂದಾದಮೇಲೊಂದು ನೋಡಿ, ಏನೂ ಹೇಳದೆ ಒಳಗೆ ಹೋದರು.

ಕೆಟ್ಟ ನಾಲ್ಕು ದಿವಸಗಳ ಮಾತು ಉಳಿದಿತ್ತು. ಅದು ನಮ್ಮ ಅಧಿಕಾರಕ್ಕೆ ಸೇರಿದುದಲ್ಲವಾಗಿ ಇಮಾಮರನ್ನು ಕೇಳುವಂತೆ ಹೇಳಿದೆವು. ಅರಿಯದೆ ಆದ ತಪ್ಪಾದ್ದರಿಂದ ಪ್ರಾಯಶ್ಚಿತ್ತವಿಲ್ಲ, ಆದರೆ ದಿವಸಕ್ಕೊಂದರಂತೆ ಉಪವಾಸಗಳನ್ನು ಹಬ್ಬದ ಮೇಲೆ ತಿರುಗಿ ಹಿಡಿಯಬೇಕೆಂದು ಅವರು ಹೇಳಿದರಂತೆ. ಮಗನೂ ತಾಯಿಯೂ ಏಪ್ರಿಲಿನ ಉರಿಬಿಸಿಲಿನಲ್ಲಿ ಆ ನಾಲ್ಕನ್ನೂ ಹಿಡಿದರು. ನಾಲ್ಕನೆಯ ದಿವಸ ಸಂಜೆ ನಮ್ಮ ಮನೆಗೆ ಒಂದು ಬಟ್ಟಲು ಖರ್ಜೂರ ಬಂದಿತು. ಶಂಕುವು ಇನ್ನೂ ಅವರ ಅಂಗಳದಲ್ಲಿದೆ; ಹಿಪ್ಪುನೇರಳೆ ಸೊಪ್ಪು ತರುವ ಆಳುಗಳು ಎಡವುತ್ತಾರೆಂದು ಅದರ ಸುತ್ತ ನಾಲ್ಕು ಇಟ್ಟಿಗೆ ಇಡಿಸಿದ್ದಾರೆ.