ಗಡಗಡ ಅಂತದ, ಆದ್ರ ನಡೀತದ

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲೋ, ಶಹಾಪುರದ ಬಸ್ ನಿಲ್ದಾಣದ ಎದುರಿಗೋ, ಸುರಪುರದಿಂದ ರಂಗಂಪೇಟೆ ಕಡೆ ಹೋಗುವ ದಾರಿಯಲ್ಲೋ ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲಿ. ಸಡಿಲಾದ ತಗಡು ಬಡಿದುಕೊಳ್ಳುವ ಸದ್ದು ಕೇಳದೆ ಇರಲಾರದು. ಹಳೆ ಆರ್‌ಎಕ್ಸ್ 100, ಹಳೆ ಬುಲೆಟ್, ಹಳೆ ಮಾರುತಿ. ಮಾಲೀಕನನ್ನು ಕೇಳಿದರೆ ಉತ್ತರ ಸಿದ್ಧ: "ಅದು ಮೊದಲಿಂದ ಹಂಗೇ ಅದರಿ, ನಡೀತದ ಬಿಡ್ರಿ." ಮೊದಲಿಂದ ಹಾಗೆ ಇರಲಿಲ್ಲ. ಗಡಗಡ ಎನ್ನುವ ಗಾಡಿಯನ್ನು ಯಾವ ಕಾರ್ಖಾನೆಯೂ ಹೊರಗೆ ಬಿಡುವುದಿಲ್ಲ. ಎಂದೋ ಒಂದು ದಿನ ಒಂದು ಬೋಲ್ಟು ಸಡಿಲಾಯಿತು. ನಿಮ್ಮ ಕಿವಿಗೆ ಬಿತ್ತು. ವಾರದೊಳಗೆ ನಿಮ್ಮ ಕಿವಿ ಅದಕ್ಕೆ ಒಗ್ಗಿತು. ಗಾಡಿಯಲ್ಲಿ ಕೆಟ್ಟಿದ್ದು ಬೋಲ್ಟು ಮಾತ್ರ, ಉಳಿದದ್ದೆಲ್ಲ ನೀವು ಕೆಡಿಸಿದ್ದು.

ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಸ್ಪೋರ್ಟ್ಸ್ ಕಾರು ಹುಡುಕಿ ಪ್ರಯೋಜನವಿಲ್ಲ. ಆ ಜಾಗದಲ್ಲಿ ಇಲ್ಲಿ ಮೆರೆಯುವುದು ಯಮಹಾ ಆರ್‌ಎಕ್ಸ್ 100. 1985ರಲ್ಲಿ ಬಂತು, 1996ರಲ್ಲಿ ನಿಂತಿತು. ಬರೀ 98 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಇಂದು ಆ ಗಾಡಿಗೆ ಲಕ್ಷಗಟ್ಟಲೆ ಎಣಿಸುವ ಹುಡುಗರಿದ್ದಾರೆ. ಬಣ್ಣ ಹೊಡೆಸುತ್ತಾರೆ, ಕ್ರೋಮ್ ಮಾಡಿಸುತ್ತಾರೆ, ಟ್ಯಾಂಕಿನ ಮೇಲೆ ಹೆಸರು ಬರೆಸುತ್ತಾರೆ. ಸೈಲೆನ್ಸರ್ ಸಿಲಿಂಡರ್ ಬಾಯಿಗೆ ಕೂಡುವ ಕಡೆಯ ಪುಟ್ಟ ಗ್ಯಾಸ್ಕೆಟ್ ಬದಲಿಸಲು ಮಾತ್ರ ಜೇಬಿಗೆ ಕೈ ಹೋಗುವುದಿಲ್ಲ. ಕೊನೆಗೆ ಸದ್ದು ತಡೆಯಲಾಗದೆ ಹೋದಾಗ ಮಾಡುವ ಕೆಲಸ ಇನ್ನೂ ಘನವಾದದ್ದು: ಸೈಲೆನ್ಸರಿನ ಒಳಗಿನ ಜಾಲಿಯನ್ನೇ ಕಿತ್ತು ಬಿಸಾಡುವುದು! ಗಡಗಡ ನಿಂತಿತು, ಊರಿಗೆಲ್ಲ ಕೇಳುವಂತೆ ಸದ್ದೂ ಬಂತು ಎಂದು ಮೀಸೆ ತಿರುವುತ್ತೀರಿ.

ಟೂ-ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಬರೀ ಸದ್ದು ಮುಚ್ಚುವ ಡಬ್ಬಿಯಲ್ಲ, ಎಂಜಿನ್ನಿನ ಅರ್ಧ ಕೆಲಸ ಅಲ್ಲಿ ನಡೆಯುತ್ತದೆ. ಸಿಲಿಂಡರಿನಿಂದ ಹೊರಬಿದ್ದ ಒತ್ತಡದ ಅಲೆ ಕೊಳವೆಯ ಕೊನೆಗೆ ಬಡಿದು ಹಿಂದಿರುಗುತ್ತದೆ. ಹೊರಗೆ ಸೋರಿಹೋಗುತ್ತಿದ್ದ ಹೊಸ ಪೆಟ್ರೋಲ್-ಗಾಳಿಯನ್ನು ಸಿಲಿಂಡರಿನ ಬಾಗಿಲು ಮುಚ್ಚುವ ಮುಂಚೆ ಮತ್ತೆ ಒಳಗೆ ತಳ್ಳುತ್ತದೆ. ಆ ಲೆಕ್ಕಕ್ಕೇ ಕೊಳವೆಯ ಉದ್ದ, ಹೊಟ್ಟೆ, ಬಾಲದ ತೂತು ಎಲ್ಲವನ್ನೂ ಅಳೆದು ಮಾಡಿರುತ್ತಾರೆ. ಜಾಲಿ ತೆಗೆದಾಗ ಆ ಲೆಕ್ಕ ಹಾಳಾಗುತ್ತದೆ. ಸದ್ದು ಹೆಚ್ಚಿದ್ದನ್ನು ನೀವು ಎಳೆತ ಹೆಚ್ಚಿತು ಎಂದುಕೊಳ್ಳುತ್ತೀರಿ. ಸುರಪುರದ ಏರು ಹತ್ತುವಾಗ ಗೇರ್ ಇಳಿಸಬೇಕಾಗಿ ಬಂದರೆ ಪೆಟ್ರೋಲಿನಲ್ಲಿ ಕಲಬೆರಕೆ ಅದ ಅಂತ ಬಂಕಿನವನನ್ನು ಬೈಯುತ್ತೀರಿ.

ಆ ಜಾಲಿ ಕಟ್ಟಿಕೊಳ್ಳುವುದೂ ನಿಮ್ಮ ಕೈಗುಣದಿಂದಲೇ. ಆರ್‌ಎಕ್ಸ್ 100ಕ್ಕೆ ಆಯಿಲ್ ಪಂಪು ಇದೆ, ಎಷ್ಟು ಬೇಕೋ ಅಷ್ಟು ಅದೇ ಹಾಕಿಕೊಳ್ಳುತ್ತದೆ. "ಇರಲಿ, ಎಂಜಿನ್ ತಂಪಿರ್ತದ" ಎಂದು ಟ್ಯಾಂಕಿಗೆ ಮತ್ತೊಂದಿಷ್ಟು ಆಯಿಲ್ ಸುರಿಯುವವರು ನೀವು. ಉರಿಯದ ಎಣ್ಣೆ ಮಸಿಯಾಗಿ ಜಾಲಿಗೆ ಅಂಟುತ್ತದೆ, ಗಾಡಿ ಉಸಿರುಗಟ್ಟುತ್ತದೆ, ಆಮೇಲೆ ಬೈಗುಳ ಯಮಹಾಕ್ಕೆ.

ತುಕ್ಕಿನ ಕಥೆಯೂ ಇದೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಗಾಡಿ ಚೆನ್ನಾಗಿ ಬಿಸಿಯಾದರೆ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ಚಹಾದಂಗಡಿಗೆ, ಚಹಾದಂಗಡಿಯಿಂದ ಮನೆಗೆ ಓಡಿಸಿದರೆ ಸೈಲೆನ್ಸರಿನ ಹೊಟ್ಟೆಯಲ್ಲೇ ಉಳಿದು ತಗಡನ್ನು ಒಳಗಿಂದ ತಿನ್ನುತ್ತದೆ. ಹೊರಗಿನಿಂದ ಎರೆಮಣ್ಣು. ಕಾಲುವೆ ನೀರು ಹಾಯಿಸಿದ ಗದ್ದೆಯ ಕೆಸರು ಕೊಳವೆಗೆ ಅಂಟಿ ಒಣಗುತ್ತದೆ, ಮತ್ತೆ ನೆನೆಯುತ್ತದೆ, ಪಸೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಟ್ಯಾಂಕನ್ನು ಕನ್ನಡಿಯ ಹಾಗೆ ಒರೆಸುವ ಕೈ ಒಮ್ಮೆಯಾದರೂ ಗಾಡಿಯ ಅಡಿಗೆ ಹೋಗಿದೆಯೇ?

ಸದ್ದು ಎಲ್ಲಿಂದ ಎಂದು ಪತ್ತೆಮಾಡಲು ದೊಡ್ಡ ಪಂಡಿತ ಬೇಕಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಹಿಡಿದು ಅಲುಗಿಸಿ, ಅಂಗೈಯಿಂದ ತಟ್ಟಿ. ಒಳಗೆ ಏನೋ ಉರುಳಿದರೆ ಜಾಲಿ ಮುರಿದಿದೆ. ಇಡೀ ಕೊಳವೆ ಓಲಾಡಿದರೆ ಹಿಂದಿನ ಬೋಲ್ಟೋ ಬ್ರಾಕೆಟ್ಟೋ ಹೋಗಿದೆ. ಸಿಲಿಂಡರ್ ಬಾಯಲ್ಲಿ ಕಪ್ಪು ಎಣ್ಣೆ ಒಸರಿದ್ದರೆ ಗ್ಯಾಸ್ಕೆಟ್ ಸತ್ತಿದೆ. ಒಂದು ವೇಗದಲ್ಲಿ ಮಾತ್ರ ಗಡಗಡ ಬಂದು ಮುಂದೆ ಅಡಗಿದರೆ ಎಲ್ಲೋ ಒಂದು ತಗಡು ಆ ಕಂಪನಕ್ಕೆ ತಾಳ ಹಾಕುತ್ತಿದೆ. ಇಬ್ಬರು ಕೂತಾಗ, ಏರು ಹತ್ತುವಾಗ ಮಾತ್ರ ಬಂದರೆ ಕೊಳವೆ ಚಾಸಿಗೆ ತಾಗುತ್ತಿದೆ. ಬಗ್ಗಿ ನೋಡಿ, ಉಜ್ಜಿ ಹೊಳೆಯುವ ಗುರುತು ಸಿಗುತ್ತದೆ. ಇವ್ಯಾವೂ ಅಲ್ಲ ಎಂದಾದರೆ ಸೈಲೆನ್ಸರನ್ನು ಬಿಡಿ, ಪಿಸ್ಟನ್ ನೋಡಿಸಿ. ಸವೆದ ಪಿಸ್ಟನ್ನಿನ ಸದ್ದನ್ನು ಸೈಲೆನ್ಸರಿನದೆಂದು ತಿಂಗಳುಗಟ್ಟಲೆ ಸಹಿಸಿ ಎಂಜಿನ್ ಜಾಮ್ ಮಾಡಿಕೊಂಡವರು ಕಡಿಮೆಯಿಲ್ಲ.

ಕಾರಿನವರು ನಗಬೇಕಿಲ್ಲ. ಹಳೆ ಕಾರಿನ ಗಡಗಡ ಬಹಳ ಸಲ ಕೊಳವೆಯ ಮೇಲಿನ ಬಿಸಿ ತಡೆಯುವ ತಗಡಿನದು. ಅದರ ಟಾಕಿ ತುಕ್ಕು ಹಿಡಿದು ಬಿಟ್ಟಿರುತ್ತದೆ, ಒಂದು ದೊಡ್ಡ ಹೋಸ್ ಕ್ಲ್ಯಾಂಪ್ ಸುತ್ತಿದರೆ ಕೆಲಸ ಮುಗಿಯಿತು. ತಗಡನ್ನೇ ಕಿತ್ತೆಸೆದು ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವವರಿಗೆ ಏನು ಹೇಳುವುದು? ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಪಿಂಗಾಣಿ ಒಡೆದು ಸದ್ದು ಬರುತ್ತಿದ್ದರೆ ಪ್ಲಗ್ಗು, ಕಾಯಿಲ್ ಮೊದಲು ನೋಡಬೇಕು, ಬೆಂಕಿ ಸರಿಯಾಗಿ ಹತ್ತದೆ ಉಳಿದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದು ಅದನ್ನು ಕರಗಿಸಿರುತ್ತದೆ. ಇನ್ನು ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವ ಓಮ್ನಿ. ಕೊಳವೆ ಸೋರುವ ಓಮ್ನಿಯಲ್ಲಿ ಕಿಟಕಿ ಮುಚ್ಚಿ ಮಕ್ಕಳನ್ನು ಶಾಲೆಗೆ ಒಯ್ಯುವವನು ಮಾಡುತ್ತಿರುವುದು ಉಡಾಫೆಯಲ್ಲ, ಅಪರಾಧ. ಸೋರುವ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗು ತಲೆನೋವು ಎಂದರೆ ನಾವು ಬಿಸಿಲಿನ ಮೇಲೆ ಹಾಕುತ್ತೇವೆ.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಟ್ರ್ಯಾಕ್ಟರೂ ಸೇರಿ ಎಲ್ಲ ವಾಹನಕ್ಕೂ ಸೈಲೆನ್ಸರ್ ಕಡ್ಡಾಯ ಮಾಡಿದೆ. ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಅಲ್ಲಲ್ಲಿ ಪೊಲೀಸರು ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿ ಫೋಟೋ ತೆಗೆಸಿಕೊಳ್ಳುವುದೂ ಉಂಟು. ಫೋಟೋ ಚೆನ್ನಾಗಿರುತ್ತದೆ. ಜಾಲಿ ಕಿತ್ತುಕೊಟ್ಟ ಗ್ಯಾರೇಜಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಮೆಕ್ಯಾನಿಕ್ ಅಣ್ಣಂದಿರೇ, ನಿಮಗೂ ಒಂದು ಮಾತು. ಯಾವ ಸದ್ದಿಗೂ ನಿಮ್ಮ ಹತ್ತಿರ ಒಂದೇ ಮದ್ದು, "ವೆಲ್ಡಿಂಗ್ ಹೊಡಿ". ಸೆಟೆದು ನಿಂತ ಕೊಳವೆಯನ್ನು ಹಿಂದಿನ ಬೋಲ್ಟಿನಿಂದ ಎಳೆದು ಬಿಗಿದರೆ ಆ ಬಿಗಿತ ಬ್ರಾಕೆಟ್ಟಿನ ಮೇಲೆ ಬೀಳುತ್ತದೆ, ಶಹಾಪುರ ದಾಟುವುದರೊಳಗೆ ಬಿರುಕು ಬಿಡುತ್ತದೆ, ಅದರ ಮೇಲೆ ಮತ್ತೆ ವೆಲ್ಡಿಂಗ್. ಎಲ್ಲ ಬೋಲ್ಟನ್ನೂ ಮೊದಲು ಬಿಚ್ಚಿ. ಹೊಸ ಗ್ಯಾಸ್ಕೆಟ್ ಕೂಡಿಸಿ. ಕೊಳವೆ ತಾನಾಗಿ ತನ್ನ ಜಾಗದಲ್ಲಿ ಕೂರಲಿ, ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿ ಹಿಡಿಸಿ. ಪಾನೆ ಮೊದಲು ಸಿಲಿಂಡರ್ ಕಡೆಗೆ, ಕೊನೆಗೆ ಹಿಂದಕ್ಕೆ. ಗಿರಾಕಿಯನ್ನು ಕಳಿಸುವಾಗ ಎರಡು ದಿನ ಓಡಿಸಿ ಮತ್ತೆ ಬರಲು ಹೇಳಿ. ಗ್ಯಾಸ್ಕೆಟ್ ಬಿಸಿಗೆ ಅಮರಿ ಕೂತ ಮೇಲೆ ಬೋಲ್ಟು ಸ್ವಲ್ಪ ಸಡಿಲಾಗಿರುತ್ತದೆ, ತಣ್ಣಗಿರುವಾಗ ಇನ್ನೊಂದು ಸಲ ಬಿಗಿಯಬೇಕು.