ಅಶ್ಲೀಲತೆ, ಅನುದಾನ ಮತ್ತು ಗುಬ್ಬಿಯ ರಂಗಪರಂಪರೆ

ವೃತ್ತಿನಾಟಕ ಕಂಪನಿಗಳ ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತುಗಳು ಹೆಚ್ಚಿವೆ, ಅಂತಹ ನಾಟಕಗಳಿಗೆ ಸರ್ಕಾರದ ಅನುದಾನ ಸಲ್ಲದು ಎಂಬ ಆಕ್ಷೇಪ ಕನ್ನಡ ರಂಗಭೂಮಿಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸಾರ್ವಜನಿಕರ ಹಣ ಸಭ್ಯ ಕಲೆಗೆ ಮಾತ್ರ ವ್ಯಯವಾಗಬೇಕೆಂಬ ವಾದ ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಸಭ್ಯತೆಯನ್ನು ಅನುದಾನದ ಷರತ್ತಾಗಿಸುವ ಮುನ್ನ ಗುಬ್ಬಿಯ ಇತಿಹಾಸವನ್ನು ನೋಡುವುದು ಒಳಿತು.

1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಮುಖ್ಯವಾಗಿ ಪ್ರೇಕ್ಷಕರ ಟಿಕೆಟ್ಟಿನ ಹಣದಿಂದ ಬಾಳಿದ ಸಂಸ್ಥೆ. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ, ಹೆಣ್ಣು ರಂಗವೇರುವುದೇ ಮರ್ಯಾದೆಗೇಡೆಂದು ಭಾವಿಸಿದ್ದ ಕಾಲದಲ್ಲಿ ಗುಬ್ಬಿ ವೀರಣ್ಣನವರು ನಟಿಯರನ್ನು ರಂಗಕ್ಕೆ ತಂದರು. ಬಿ. ಜಯಮ್ಮನವರಂತಹ ಕಲಾವಿದೆಗೆ ನೆಲೆಯಾದುದು ಈ ಕಂಪನಿಯೇ. ಅಂದಿನ ಸಭ್ಯತೆಯನ್ನೇ ಅಳತೆಗೋಲಾಗಿ ಹಿಡಿದ ಸಮಿತಿಯೊಂದರ ಕೈಯಲ್ಲಿ ಕಂಪನಿಯ ಅನ್ನವಿದ್ದಿದ್ದರೆ ಇದು ಸಾಧ್ಯವಾಗುತ್ತಿತ್ತೆ? ಅದೇ ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಸಂದಿತು. ರಾಜ್ಯ ಸರ್ಕಾರದ ರಂಗಪ್ರಶಸ್ತಿಗೂ ತುಮಕೂರಿನ ಕಲಾಕ್ಷೇತ್ರಕ್ಕೂ ಈಗ ಅವರದೇ ಹೆಸರು.

ನಮ್ಮ ಮೀಮಾಂಸಕರು ಅಶ್ಲೀಲವನ್ನು ಅಪರಾಧವೆಂದಲ್ಲ, ಕಾವ್ಯದೋಷವೆಂದು ಪರಿಗಣಿಸಿದರು. ವ್ರೀಡೆ, ಜುಗುಪ್ಸೆ, ಅಮಂಗಲ ಎಂದು ಅದನ್ನು ಮೂರಾಗಿ ವಿಂಗಡಿಸಿದರು. ಸಂದರ್ಭವಿಶೇಷದಲ್ಲಿ ಅದು ಗುಣವೂ ಆಗಬಲ್ಲುದೆಂದು ಮಮ್ಮಟ ಒಪ್ಪುತ್ತಾನೆ. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ವಿಕ್ಟೋರಿಯಾ ಕಾಲದ ಹಿಕ್ಲಿನ್ ಸೂತ್ರವನ್ನು ಕೈಬಿಟ್ಟು, ಸಮಕಾಲೀನ ಸಮುದಾಯದ ಮಾನದಂಡವನ್ನು ಎತ್ತಿಹಿಡಿಯಿತು. (ಅಮೆರಿಕದಲ್ಲಿ 1990ರಲ್ಲಿ ಕಲಾನುದಾನದ ಕಾನೂನಿಗೆ ಸಭ್ಯತೆಯ ಮಾತು ಸೇರಿತು; ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಅದನ್ನು ಉಳಿಸಿದರೂ, ಪರಿಗಣಿಸಬೇಕಾದ ಅಂಶವೆಂದಷ್ಟೇ ಅರ್ಥೈಸಿತು.)

ಹಸ್ತಪ್ರತಿಯನ್ನು ಓದಿ ತೀರ್ಮಾನಿಸಬಹುದೆಂಬ ಸಲಹೆಯೂ ನಿಲ್ಲುವುದಿಲ್ಲ. ದ್ವಂದ್ವಾರ್ಥ ಅಡಗಿರುವುದು ಬರೆಹದಲ್ಲಲ್ಲ. ನಟನ ಕಾಕುವಿನಲ್ಲಿ, ಅರೆಗಳಿಗೆಯ ಮೌನದಲ್ಲಿ, ಆ ರಾತ್ರಿಯ ಆಶುಮಾತಿನಲ್ಲಿ. ಕಡತಕ್ಕೆ ಸೇರುವ ಪ್ರತಿ ಸದಾ ಶುಭ್ರವಾಗಿಯೇ ಇರುತ್ತದೆ.

ಹಾಗೆಂದು ಎಲ್ಲ ದ್ವಂದ್ವಾರ್ಥವೂ ಸಮರ್ಥನೀಯವಲ್ಲ. ಹೆಣ್ಣಿನ ದೇಹವನ್ನು ಹೀಗಳೆದೇ ನಗಿಸುವ, ಕಥೆಗೆ ಯಾವ ಸಂಬಂಧವೂ ಇಲ್ಲದ ಹಾಸ್ಯದೃಶ್ಯಗಳು ಕಳಪೆ ರಂಗಕೃತಿಗಳು. ಅನುದಾನವನ್ನು ನಿರಾಕರಿಸುವುದಾದರೆ ಈ ಕಾರಣವನ್ನೇ, ಪ್ರಯೋಗವನ್ನು ನೋಡಿದವರು, ಲಿಖಿತವಾಗಿ ನೀಡಬೇಕು. 'ಅಶ್ಲೀಲ' ಎಂಬ ಒಂದೇ ಪದ ವಿಮರ್ಶೆಯ ಹೊಣೆಯಿಂದ ಸಮಿತಿಯನ್ನು ಪಾರುಮಾಡಬಾರದು.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಪಾತ್ರಧಾರಿಗಳೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು ಪೌರಾಣಿಕ ನಾಟಕ ಆಡುತ್ತಾರೆ. ಅಲ್ಲಿಯ ಹಾಸ್ಯಗಾರನ ಮಾತಿಗೆ ಮುದುಕರೂ ಮಕ್ಕಳೂ ಒಟ್ಟಿಗೆ ಕುಳಿತು ನಗುತ್ತಾರೆ. ನ್ಯಾಯಾಲಯ ಹೇಳುವ ಸಮುದಾಯದ ಮಾನದಂಡವನ್ನು ಅರಿಯಲು ಆ ರಾತ್ರಿಗಳಿಗಿಂತ ಬೇರೆ ಆಕರ ದೊರೆಯುವುದು ಕಷ್ಟ. ಆ ಮಾತುಗಳನ್ನು ಧ್ವನಿಮುದ್ರಿಸಿ, ಪ್ರೇಕ್ಷಕರು ಎಲ್ಲಿ ನಕ್ಕರು, ಎಲ್ಲಿ ಮುಖ ತಿರುಗಿಸಿದರು ಎಂಬುದರ ಸಹಿತ ದಾಖಲಿಸುವ ಕೆಲಸವನ್ನು ಈ ಭಾಗದ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕಿದೆ.